ನಾಲ್ಕನೇ ಅಂಕಿಯ ಉಸಿರು

"ತಟ್ಟಬೇಡ," ಎಂದರು ಸೂಜಿಯಮ್ಮ ಪಿಸುದನಿಯಲ್ಲಿ. "ಮೊದಲು ಕೇಳು."

ತಟ್ಟಲೆಂದು ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ಗಿಣಿ ಅದರಿಂದ ತಲೆ ಕೆರೆದುಕೊಂಡ. ಆಮೇಲೆ ಬಾಗಿಲಿಗೆ ಕಿವಿ ಹಚ್ಚಿದ.

ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಯಾರೋ ಎತ್ತಿದರು. ಒರಟು ಗಂಟಲು, ವಯಸ್ಸು ಅರವತ್ತರ ಮೇಲೆ, ಮಾತಿಗೊಂದು ಕೆಮ್ಮು. "ಹೌದು, ನಿಯಮಪಾಲನಾ ಅಧಿಕಾರಿ ಮಾತಾಡ್ತಿರೋದು. ದೂರಿದ್ರೆ ಬರೆದು ಕಳಿಸಿ."

ಇಟ್ಟ ಸದ್ದು. ಎರಡನೇ ಫೋನು ಹೊಡೆದುಕೊಂಡಿತು. ಈಗಿನ ಗಂಟಲು ತೆಳು, ಚುರುಕು, ಮೂವತ್ತು ದಾಟಿರಲಾರದು. "ನಿಯಮಪಾಲನಾ ಅಧಿಕಾರಿ. ಹೇಳಿ."

ಎರಡರ ನಡುವೆ ಓಡಾಡಿದ್ದು ಒಂದೇ ಜೊತೆ ಚಪ್ಪಲಿ.

"ಅತ್ತೆ," ಎಂದ ಗಿಣಿ, "ಅರವತ್ತರ ಮುದುಕ ಮೂರೇ ಹೆಜ್ಜೆಗೆ ಮೂವತ್ತಕ್ಕೆ ಇಳಿದ. ಯಾವ ಲೇಹ್ಯ ತಿಂತಾನೋ ಕೇಳ್ಬೇಕು."

"ಕಚೇರಿ ಕೆಲಸದಲ್ಲಿ ಅತ್ತೆ ಅನ್ನಬೇಡ."

"ಇವತ್ತು ನಾನು ರಜದಲ್ಲಿದ್ದೀನಿ ಮೇಡಂ."

"ಹಾಗಾದ್ರೆ ಅನ್ನಿ," ಎಂದರು ಸೂಜಿಯಮ್ಮ.

ಇದು ಅವರ ಲೆಕ್ಕ. ಕಚೇರಿಯಲ್ಲಿ ಅವನು ಕೈಕೆಳಗಿನ ತನಿಖಾ ನಿರೀಕ್ಷಕ, ಆದ್ದರಿಂದ 'ನೀನು'. ಮನೆಯಲ್ಲಿ ಅಳಿಯ, ಆದ್ದರಿಂದ 'ನೀವು'. ದಾರಿಯಲ್ಲಿ ಎರಡೂ ಬೆರಕೆ.

ಕೆಳಗಿನ ಅಂಗಡಿಯಲ್ಲಿ ಬೀಗದ ಕೈ ಕೊರೆಯುವ ಯಂತ್ರ ಕಿರ್ರೆಂದಿತು. ಕಚೇರಿಯಲ್ಲಿ ಕೇಳಿದ ಏಳು ಧ್ವನಿಮುದ್ರಣಗಳ ಹಿಂದೆಯೂ ಇದ್ದದ್ದು ಇದೇ ಕಿರ್ರು. ಅದರ ಬಾಲ ಹಿಡಿದು ಬೆಳಗಿನಿಂದ ಹದಿನಾರು ಬೀಗದಂಗಡಿಗಳ ಮುಂದೆ ನಿಂತು, ಹದಿನೇಳನೆಯದರ ಮಾಳಿಗೆಯ ಮೆಟ್ಟಿಲನ್ನು ಇಬ್ಬರೂ ಹತ್ತಿದ್ದರು.

ಬೇರೆ ದೇಶದ ನಿಧಿ ವ್ಯವಸ್ಥಾಪಕರು, ಅಂದರೆ ಜನರ ಹಣ ಹೂಡುವ ಸಂಸ್ಥೆಗಳು, ಇಲ್ಲಿನವರ ಹೂಡಿಕೆ ಪಡೆಯಬೇಕಾದರೆ ನೋಂದಣಿ ಬೇಕು. "ನೋಂದಣಿಗೆ ಬಂದವರು ನೊಂದು ದಣಿದೇ ಹೋಗಬೇಕು" ಎಂಬುದು ಗಿಣಿಯ ಹಳೆಯ ಜೋಕು. ನೋಂದಣಿ ಉಳಿಯಬೇಕಾದರೆ, ಇಲ್ಲೇ ವಾಸವಿದ್ದು ಆ ಒಂದೇ ಸಂಸ್ಥೆಗೆ ದುಡಿಯುವ ಒಬ್ಬ ನಿಯಮಪಾಲನಾ ಅಧಿಕಾರಿ ಬೇಕು. ಜನ ದೂರು ಹೊತ್ತು ಬಂದರೆ ಕೇಳಲು ಒಂದು ಕಿವಿ, ತಪ್ಪಾದರೆ ಹಿಡಿಯಲು ಒಂದು ಕುತ್ತಿಗೆ. ವರ್ಷಕ್ಕೊಮ್ಮೆ, ಮುನ್ಸೂಚನೆಯಿಲ್ಲದೆ, ನೋಂದಣಿ ಕಚೇರಿಯಿಂದ ಆ ಅಧಿಕಾರಿಗೆ ಫೋನು ಹೋಗುತ್ತದೆ. ಆತ ನೋಂದಣಿ ಸಂಖ್ಯೆಯನ್ನು ಓದಬೇಕು, ಮೂರು ಪ್ರಶ್ನೆಗಳಿಗೆ ಉತ್ತರಿಸಬೇಕು. ಮಾತು ಮುದ್ರಣವಾಗುತ್ತದೆ, ದೃಢೀಕರಣ ಹಾಳೆಗೆ ಸಹಿ ಬೀಳುತ್ತದೆ.

ಏಳು ಸಂಸ್ಥೆಗಳ ಅಧಿಕಾರಿಗಳೂ ಒಬ್ಬನೇ ಎಂದು ಹೋದ ವಾರ ಹೆಸರಿಲ್ಲದ ಪತ್ರವೊಂದು ಬಂದಿತ್ತು. ಏಳು ಹಾಳೆಗಳ ಕೆಳಗೂ ಇದ್ದದ್ದು ಸೂಜಿಯಮ್ಮನ ಸಹಿ.

ನಾಳೆ ಹನ್ನೊಂದಕ್ಕೆ ಸಮಿತಿ. ಅಷ್ಟರೊಳಗೆ ಆ ದನಿಯ ಹಿಂದಿನ ಕೈ ಸಿಗದಿದ್ದರೆ ಅವರ ಸಹಿ ರದ್ದು. ಮೂವತ್ತೊಂದು ವರ್ಷ ಅವರು ಸಹಿ ಹಾಕಿದ ಪ್ರತಿ ನೋಂದಣಿಯನ್ನೂ, 'ಅನುಮಾನಾಸ್ಪದ' ಎಂಬ ಮೊಹರು ಒತ್ತಿ, ಮತ್ತೆ ಬಿಚ್ಚುತ್ತಾರೆ. ಸಮಿತಿಯ ಅಧ್ಯಕ್ಷರು ಇಸ್ತ್ರಿ ಸಾಹೇಬರು; ಅಂಗಿಯಲ್ಲಿ ಮಡಿಕೆಯಿಲ್ಲ, ಮನಸ್ಸಿನಲ್ಲಿ ಮರುಕವಿಲ್ಲ. "ನಿಯಮ ಅಂದ್ರೆ ನಿಯಮ. ಅದಕ್ಕೇ ಅದನ್ನ ನಿಯಮ ಅಂತಾರೆ," ಎಂದು ಅವರ ಮೂಗಿನ ದನಿಯಲ್ಲೇ ಹೇಳಿ ತೋರಿಸಿ ಗಿಣಿ ಬೆಳಿಗ್ಗೆ ಅತ್ತೆಯನ್ನು ನಗಿಸಲು ನೋಡಿದ್ದ. ಅವರು ನಕ್ಕಿರಲಿಲ್ಲ. "ಅವರು ಹೇಳೋದು ಸರಿಯಾಗೇ ಇದೆ," ಎಂದಿದ್ದರು.

ಅಳಿಯ ಎಂದರೆ ಬರೀ ಮಗಳ ಗಂಡ ಎಂಬಂಥ ಸಂಬಂಧ ಇವರದಲ್ಲ. ಮಗಳನ್ನು ನೋಡುವುದಕ್ಕೆ ಮೂರು ವರ್ಷ ಮೊದಲೇ ಅವನು ಅಮ್ಮನಿಗೆ ಮಾರುಹೋಗಿದ್ದ. ಕೆಲಸಕ್ಕೆ ಸೇರಿದ ಮೊದಲ ವಾರ ಅವರು ನೂರ ನಲವತ್ತು ಪುಟದ ಒಂದು ಅರ್ಜಿಯನ್ನು ಓದದೆಯೇ ಬದಿಗಿಟ್ಟು, "ಐವತ್ತೆರಡನೇ ಪುಟ ಆಮೇಲೆ ಸೇರಿಸಿದ್ದು," ಎಂದಿದ್ದರು. ಗುಂಡುಸೂಜಿ ಚುಚ್ಚಿದ ತೂತುಗಳು ಆ ಒಂದು ಹಾಳೆಯಲ್ಲಿ ಮಾತ್ರ ಕೂದಲೆಳೆಯಷ್ಟು ಪಕ್ಕಕ್ಕಿದ್ದವು. ಸೂಜಿಯಮ್ಮ ಎಂಬ ಹೆಸರು ಬಂದದ್ದು ಅಂದೇ. ಇಟ್ಟವನು ಗಿಣಿ. ಅವನಿಗೆ ಗಿಣಿ ಎಂದು ಹೆಸರಿಟ್ಟವರು ಅವರು, ಮರುದಿನ, ಅವನು ಅವರ ದನಿಯಲ್ಲೇ ಕ್ಯಾಂಟೀನಿಗೆ ಫೋನು ಮಾಡಿ ಚಹಾ ತರಿಸಿಕೊಂಡಾಗ. ಬಡ್ಡಿ ಸಮೇತ ವಸೂಲಿ.

ಈಗ ಸೂಜಿಯಮ್ಮ ಕೈಚೀಲದಿಂದ ಖಾಲಿ ದೃಢೀಕರಣ ಹಾಳೆಯೊಂದನ್ನು ತೆಗೆದು ಗೋಡೆಗೆ ಆನಿಸಿಕೊಂಡರು. ಮೊಬೈಲಿನಲ್ಲಿ ನಾಲ್ಕನೇ ಸಂಸ್ಥೆಯ ಸಂಖ್ಯೆ ಒತ್ತಿದರು.

ಬಾಗಿಲಾಚೆ ಫೋನು ಹೊಡೆದುಕೊಂಡಿತು. ಚಪ್ಪಲಿ ಓಡಿತು.

"ನಿಯಮಪಾಲನಾ ಅಧಿಕಾರಿ," ಎಂದಿತು ಜೇನಿನಂಥ ಗಂಭೀರ ದನಿ, ಬಾಗಿಲಿನ ಮೂಲಕ ಒಮ್ಮೆ, ಮೊಬೈಲಿನ ಮೂಲಕ ಇನ್ನೊಮ್ಮೆ.

"ನೋಂದಣಿ ಕಚೇರಿಯಿಂದ. ಸಂಖ್ಯೆ ಓದಿ."

"ಮೂವತ್ತೆಂಟು, ಹದಿನಾರು," ಉಸಿರು, "ಇನ್ನೂರ ಐವತ್ತೊಂಬತ್ತು, ನಾಲ್ಕು."

"ದೂರಿನ ಪುಸ್ತಕ ಎಲ್ಲಿದೆ?"

"ನನ್ನ ಮೇಜಿನ ಎಡಗಡೆ ಡ್ರಾಯರು. ಬೀಗ ಹಾಕಿದೆ."

"ನಿರ್ದೇಶಕರಲ್ಲಿ ಯಾರಾದ್ರೂ ಬದಲಾದ್ರಾ?"

"ಇಬ್ಬರು. ಹತ್ತನೇ ದಿನಕ್ಕೇ ತಿಳಿಸಿದ್ವಿ."

"ನೀವು ರಜ ಹಾಕಿದ್ರೆ?"

"ಸಹಾಯಕರಿದ್ದಾರೆ. ಹೆಸರು ನಿಮ್ಮ ಕಡತದಲ್ಲಿದೆ."

ಅಚ್ಚುಕಟ್ಟು. ಸೂಜಿಯಮ್ಮ ಒಂದೊಂದನ್ನೂ ಬರೆದುಕೊಂಡರು. ಆಮೇಲೆ ಹಾಳೆಯಲ್ಲಿ ಇಲ್ಲದ ನಾಲ್ಕನೇ ಪ್ರಶ್ನೆ ಕೇಳಿದರು. "ಈಗ ನಿಮ್ಮ ಬಾಗಿಲ ಹೊರಗೆ ಯಾರು ನಿಂತಿದ್ದಾರೆ?"

ಒಳಗೆ ಚಪ್ಪಲಿ ಒಂದು ಹೆಜ್ಜೆ ಹಿಂದೆ ಸರಿಯಿತು. ಯಂತ್ರ ಕೆಳಗೆ ಸುಮ್ಮನಾಗಿತ್ತು.

ಸೂಜಿಯಮ್ಮ ಬಾಗಿಲು ತಳ್ಳಿದರು.

ಉದ್ದನೆಯ ಕೋಣೆ. ಗೋಡೆಗುಂಟ ಒಂದು ಮೇಜು, ಅದರ ಮೇಲೆ ಸಾಲಾಗಿ ಎಂಟು ಫೋನು. ಏಳರ ಮುಂದೆ ಒಂದೊಂದು ರಟ್ಟಿನ ತುಂಡು: ಸಂಸ್ಥೆಯ ಹೆಸರು, ಸಂಖ್ಯೆ, ಕೆಳಗೆ 'ಕೆಮ್ಮು', 'ಮೂಗು', 'ಜೇನು', 'ಅವಸರ' ಎಂದು ದನಿಯ ವಿವರ. ಎಂಟನೆಯದರ ಮುಂದೆ ಏನೂ ಇರಲಿಲ್ಲ. ಜೇನಿನ ಫೋನು ಕೈಯಲ್ಲಿ ಹಿಡಿದು ನಿಂತಿದ್ದವನು ಕುತ್ತಿಗೆಗೆ ಮಫ್ಲರು ಸುತ್ತಿದ, ಐವತ್ತರ ಆಸುಪಾಸಿನ ಸಣಕಲು ಮನುಷ್ಯ. ಪಕ್ಕದಲ್ಲಿ ಫ್ಲಾಸ್ಕಿನಲ್ಲಿ ಬಿಸಿನೀರು.

"ಕೂತ್ಕೊಳ್ಳಿ," ಎಂದರು ಸೂಜಿಯಮ್ಮ, ಅದು ತಮ್ಮದೇ ಕೋಣೆ ಎಂಬಂತೆ. ಅವನು ಕೂತ.

"ಕೆಲಸ ಏನು ನಿಮ್ಮದು?"

"ನಾಟಕದವನು ಅಮ್ಮ. ಪರದೆ ಹಿಂದೆ ದನಿ ಕೊಡ್ತಿದ್ದೆ. ಅಶರೀರವಾಣಿ." ಅವನ ಸ್ವಂತ ದನಿ ಅಚ್ಚರಿಯಾಗುವಷ್ಟು ಸಪ್ಪೆಯಾಗಿತ್ತು. "ಇದು ಉತ್ತರ ಕೊಡೋ ಸೇವೆ ಅಂದ್ರು. ಅಧಿಕಾರಿಗಳು ಓಡಾಟದಲ್ಲಿರ್ತಾರೆ, ಅವರ ಪರವಾಗಿ ಮಾತಾಡು ಅಂದ್ರು."

"ಪರವಾಗಿ ಮಾತಾಡೋದು ಬೇರೆ. ಅವರೇ ಆಗಿ ಮಾತಾಡೋದು ಬೇರೆ. ಆ ಅಧಿಕಾರಿಗಳನ್ನ ನೀವು ನೋಡಿದ್ದೀರಾ?"

"ಇಲ್ಲ."

"ಒಬ್ಬರನ್ನೂ?"

ಅವನು ತಲೆ ತಗ್ಗಿಸಿದ. ಏಳು ಶರೀರಕ್ಕೆ ಒಂದೇ ವಾಣಿ ಎಂಬುದು ಪತ್ರದವರು ಬರೆದ ಸುಳ್ಳಲ್ಲ. ಆದರೆ ಆ ಏಳು ಶರೀರಗಳೇ ಇರಲಿಲ್ಲ.

ಗಿಣಿಗೆ ಕೋಪ ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು. "ಆ ಮೂಗಿನ ದನಿ," ಎಂದ, ತಡೆಯಲಾರದೆ. "ಅಷ್ಟು ಹೊತ್ತು ಹೇಗೆ ಹಿಡೀತೀರಿ? ನನಗೆ ಎರಡನೇ ಸಾಲಿಗೇ ಜಾರತ್ತೆ."

ಅಶರೀರವಾಣಿಯ ಮುಖ ಅರಳಿತು. "ನಾಲಿಗೆ ಬುಡ ಮೇಲಕ್ಕೆತ್ತಿ. ಮೂಗಿಂದ ಅಲ್ಲ ಸ್ವಾಮಿ, ಅಂಗುಳದಿಂದ."

"ಅಂಗುಳದಿಂದ," ಎಂದು ಗಿಣಿ ಅಂಗುಳದಿಂದ ಹೇಳಿ ನೋಡಿದ. ಇಸ್ತ್ರಿ ಸಾಹೇಬರೇ ಕೋಣೆಗೆ ಬಂದಂತಾಯಿತು.

"ಪಾಠ ಮುಗೀತಾ?" ಎಂದರು ಸೂಜಿಯಮ್ಮ.

ಗಿಣಿ ಗಂಟಲು ಸರಿಮಾಡಿಕೊಂಡ. "ಏಳು ಗಂಟಲಿಗೂ ಏಳು ವೇಷ ಹಾಕಿದ್ರಿ. ಉಸಿರಿಗೆ ಹಾಕೋದು ಮರೆತ್ರಿ. ಸಂಖ್ಯೆ ಓದುವಾಗ ಏಳೂ ಜನ ನಾಲ್ಕನೇ ಅಂಕಿ ಆದ ತಕ್ಷಣ ಉಸಿರು ತಗೋತಾರೆ. ಟೇಪು ಕೇಳಿದಾಗ ನನಗೆ ಮೊದಲು ಹೊಳೆದದ್ದೇ ಅದು. ಸಿಗರೇಟು ಜಾಸ್ತಿನಾ?"

ಅಶರೀರವಾಣಿಗೆ ಇದುವರೆಗೆ ಆಗದ ಅವಮಾನ ಈಗ ಆಯಿತು. "ನನ್ನ ಉಸಿರಾ? ಒಂದೇ ಉಸಿರಲ್ಲಿ ಇಪ್ಪತ್ತು ಸಾಲು ಹೇಳೋನು ನಾನು. ಅದು ನನ್ನದಲ್ಲ ಸ್ವಾಮಿ. ಹೇಳಿಕೊಟ್ಟ ಪಾಠ."

ಅವನು ಡ್ರಾಯರಿನಿಂದ ಕಾಗದವೊಂದನ್ನು ತೆಗೆದು ಮುಂದಿಟ್ಟ. ಏಳು ಸಂಖ್ಯೆಗಳು, ಒಂದೊಂದಕ್ಕೂ ಎಂಟು ಅಂಕಿ. ಪ್ರತಿಯೊಂದರಲ್ಲೂ ನಾಲ್ಕನೇ ಅಂಕಿಯ ಪಕ್ಕ ಪೆನ್ಸಿಲಿನ ಒಂದು ಸಣ್ಣ ಗೀಟು.

"ಅಲ್ಲೇ ಉಸಿರು ತಗೋಬೇಕು ಅಂದ್ರು. ಬೇರೆ ಏನು ತಪ್ಪಿದ್ರೂ ಪರವಾಗಿಲ್ಲ, ಇಲ್ಲಿ ತಪ್ಪಬೇಡ ಅಂದ್ರು. ಹೀಗೆ ಓದಿದ್ರೆ ಆ ಮೇಡಂಗೆ ಅನುಮಾನವೇ ಬರೋದಿಲ್ಲ ಅಂದ್ರು."

ಸೂಜಿಯಮ್ಮ ಕಾಗದವನ್ನು ಕೈಗೆತ್ತಿಕೊಳ್ಳಲಿಲ್ಲ. ಗೀಟಿನ ಮೇಲೆ ಬೆರಳಿಟ್ಟು ಹಾಗೇ ನಿಂತರು. ಐವತ್ತೆರಡನೇ ಪುಟವನ್ನು ಕಂಡ ದಿನವೂ ಗಿಣಿ ಆ ಬೆರಳನ್ನು ನೋಡಿದ್ದ. ಅಂದು ಅದು ಮರುಕ್ಷಣವೇ ಮುಂದಿನ ಪುಟಕ್ಕೆ ಹೋಗಿತ್ತು.

"ಯಾರು ಹೇಳಿಕೊಟ್ಟಿದ್ದು?" ಎಂದರು, ಬಹಳ ಮೆಲ್ಲಗೆ.

"ನೋಡಿಲ್ಲ ಅಮ್ಮ. ಎಲ್ಲಾ ಈ ಎಂಟನೇ ಫೋನಲ್ಲೇ. ಗುರುವಾರ ಮೂರು ಗಂಟೆಗೆ ಮಾಡ್ತಾರೆ."

ಗುರುವಾರವೇ. ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಐದು ನಿಮಿಷವಿತ್ತು.

"ಗಂಡಸಾ, ಹೆಂಗಸಾ?" ಎಂದ ಗಿಣಿ.

"ಗಂಡಸು." ಅಶರೀರವಾಣಿ ಅವನನ್ನೇ ಕಣ್ಣು ಕಿರಿದು ಮಾಡಿ ನೋಡಿದ. "ಬಂದಾಗಿಂದ ಯೋಚಿಸ್ತಿದ್ದೀನಿ. ನಿಮ್ಮ ದನಿ ನಾನು ಎಲ್ಲೋ ಕೇಳಿದ್ದೀನಿ ಸ್ವಾಮಿ."

"ಎಲ್ಲರ ದನಿಯಲ್ಲೂ ನಾನೇ ಮಾತಾಡೋದು, ಅದಕ್ಕೇ ಹಾಗನ್ನಿಸತ್ತೆ."

ಅದು ಪೂರ್ತಿ ನಿಜವಲ್ಲ. ಮನೆಯಲ್ಲಿ ಗಿಣಿಗೆ ಎರಡನೇ ಸ್ಥಾನ. ಅವನ ಹೆಂಡತಿಯ ಕಸುಬೇ ದನಿ. ಲಿಫ್ಟಿನಲ್ಲಿ ಮಹಡಿ ಹೇಳುವವಳು ಅವಳು, ನೋಂದಣಿ ಕಚೇರಿಯ ಹಾಲಿನಲ್ಲಿ "ಟೋಕನ್ ಸಂಖ್ಯೆ ನಲವತ್ತೆರಡು, ಕೌಂಟರ್ ಮೂರು" ಎಂದು ಕರೆಯುವವಳೂ ಅವಳೇ. ಹುಟ್ಟಾ ದಪ್ಪ ಕಂಠ. ಗಂಡನ ದನಿಯಲ್ಲಿ ಸೂಜಿಯಮ್ಮನಿಗೇ ಫೋನು ಮಾಡಿ, "ಈ ಭಾನುವಾರ ಬರಕ್ಕಾಗಲ್ಲ ಅತ್ತೆ, ಗೊತ್ತಾಯ್ತಲ್ಲ?" ಎಂದು ಹೇಳಿ ದಕ್ಕಿಸಿಕೊಂಡವಳು. ಹೆತ್ತ ತಾಯಿಗೆ ಇವತ್ತಿನವರೆಗೂ ಅದು ಗೊತ್ತಿಲ್ಲ. ಗಿಣಿ ಆ ಕಥೆಯನ್ನು ಹೆಮ್ಮೆಯಿಂದ ಹತ್ತು ಜನರಿಗೆ ಹೇಳಿದ್ದ.

ಮೂರು ಹೊಡೆಯಿತು. ಎಂಟನೇ ಫೋನೂ ಹೊಡೆದುಕೊಂಡಿತು.

ಗಿಣಿ ಮೊಬೈಲಿನಲ್ಲಿ ಮುದ್ರಣ ಒತ್ತಿ ಮೇಜಿನ ಮೇಲಿಟ್ಟ. ಅಶರೀರವಾಣಿಯ ಕಡೆಗೊಮ್ಮೆ ನೋಡಿ, ನಾಲಿಗೆ ಸಡಿಲ ಬಿಟ್ಟು, ಭುಜ ಇಳಿಸಿ, ಫೋನಿನ ಸ್ಪೀಕರ್ ಗುಂಡಿ ಒತ್ತಿದ.

"ಹಲೋ," ಎಂದ ಅಶರೀರವಾಣಿಯ ಸಪ್ಪೆ ದನಿಯಲ್ಲಿ. ಅಶರೀರವಾಣಿಯೇ ಬೆಚ್ಚಿ ತನ್ನ ಬಾಯಿ ಮುಟ್ಟಿ ನೋಡಿಕೊಂಡ.

"ಹೊಸದೊಂದು ಬಂದಿದೆ, ಬರ್ಕೊಳ್ಳಿ," ಎಂದಿತು ಆಚೆಯ ದನಿ.

ಕನ್ನಡಿಯ ಮುಂದೆ ನಿಂತಾಗ ಕನ್ನಡಿಯೊಳಗಿನವನು ಮೊದಲು ಬಾಯಿ ತೆರೆದರೆ ಹೇಗಿರುತ್ತದೆ? ಹಾಗಿತ್ತು. ಅದು ಗಿಣಿಯ ದನಿ. ಮಾತಿನ ಕೊನೆಯನ್ನು ಮೇಲೆತ್ತುವ ಚಾಳಿ, ಮಾತಿಗೆ ಮುಂಚಿನ ಅರೆನಗೆ, ಎಲ್ಲವೂ ಅವನದೇ.

"ನಲವತ್ತೊಂದು, ಎಪ್ಪತ್ತಾರು." ಉಸಿರು. "ಒಂಬೈನೂರ ಇಪ್ಪತ್ತು, ಐದು. ನಾಳೆ ಹನ್ನೊಂದರ ಮೇಲೆ ಈ ಸಂಖ್ಯೆಗೆ ಕರೆ ಬರತ್ತೆ. ಆಗ ಆ ಮೇಡಂ ಇರಲ್ಲ, ಬೇರೆಯವರು ಇರ್ತಾರೆ. ಹೆದರಬೇಡಿ. ಗೊತ್ತಾಯ್ತಲ್ಲ?"

ಕರೆ ನಿಂತಿತು.

ಅಶರೀರವಾಣಿ ಕುರ್ಚಿ ಸಮೇತ ಹಿಂದೆ ಸರಿದಿದ್ದ. "ನೀವೇ," ಎಂದ. "ಪ್ರತಿ ಗುರುವಾರ ನೀವೇ."

"ಅಲ್ಲ," ಎಂದರು ಸೂಜಿಯಮ್ಮ. "ಬಾಯಿ ಮುಚ್ಚಿತ್ತು. ನಾನು ಅವರ ಬಾಯನ್ನೇ ನೋಡ್ತಿದ್ದೆ."

ಅವರು ಏನನ್ನಾದರೂ ನೋಡುತ್ತಿದ್ದೆ ಎಂದರೆ ಅದರ ಮೇಲೆ ಮನೆ ಕಟ್ಟಬಹುದು. ಗಿಣಿಗೆ ಹೋದ ಜೀವ ಬಂದಂತಾಯಿತು. ಬಂದ ಜೀವ ಮರುಕ್ಷಣವೇ ಇನ್ನೊಂದು ವಿಷಯ ಹೇಳಿತು.

"ಟೇಪಿನಲ್ಲಿ ಬಾಯಿ ಕಾಣಿಸಲ್ಲ ಅತ್ತೆ. ನಾಳೆ ಸಮಿತಿ ಮುಂದೆ ಇದನ್ನ ಹಾಕಿದ್ರೆ, ಅತ್ತೆ ಒಳಗಿಂದ ಸಹಿ ಹಾಕಿದ್ಳು, ಅಳಿಯ ಹೊರಗಿಂದ ಪಾಠ ಹೇಳಿದ ಅಂತಾರೆ. ಅಲ್ಲ ಅನ್ನೋಕೆ ಸಾಕ್ಷಿ ಯಾರು? ಒಬ್ಬರು ನೀವು, ಇನ್ನೊಬ್ಬರು ಈ ಮಹಾನುಭಾವರು."

"ಹೌದು."

"ಟೇಪು ತೋರಿಸದಿದ್ರೆ ನಿಮ್ಮ ಸಹಿ ಹೋಗತ್ತೆ."

"ಹೌದು," ಎಂದರು ಮತ್ತೆ. ಆಮೇಲೆ ಆ ಪೆನ್ಸಿಲ್ ಗೀಟಿನತ್ತ ತಿರುಗಿದರು. "ನಿಮಗೆ ನಾನು ಸಂಖ್ಯೆ ಓದೋದು ಹೇಗೆ ಹೇಳಿಕೊಟ್ಟೆ?"

"ಎರಡು, ಎರಡು, ಮೂರು ಒಟ್ಟಿಗೆ. ಏಳೂ ಆದ್ಮೇಲೆ ಉಸಿರು. ಕೊನೇ ಅಂಕಿ ಒಂಟಿ."

"ಅದು ಹೊಸ ಪಾಠ. ಎಂಟನೇ ಅಂಕಿ ಬಂದು ಹನ್ನೆರಡು ವರ್ಷ ಆಯ್ತು. ಅದಕ್ಕೆ ಮುಂಚೆ ಏಳೇ ಇದ್ದದ್ದು. ಆಗ ನಾನು ನಾಲ್ಕಾದ ಮೇಲೆ ಉಸಿರು ತಗೊಂಡು ಮೂರು ಓದ್ತಿದ್ದೆ." ಅವರು ಕುರ್ಚಿಯ ಬೆನ್ನನ್ನು ಹಿಡಿದುಕೊಂಡರು. "ನೀವು ಟೇಪು ಕೇಳಿದ ಮೊದಲ ದಿನವೇ ಹಿಡಿದ್ರಿ. ನಾನು ಏಳು ಸಲ ಕೇಳಿಯೂ ಹಿಡೀಲಿಲ್ಲ. ಯಾಕೆ ಅಂತ ರಾತ್ರಿಯೆಲ್ಲಾ ಯೋಚಿಸಿದ್ದೆ. ನನ್ನ ಕಿವಿಗೆ ಅದು ತಪ್ಪು ಅಂತ ಕೇಳಿಸಲೇ ಇಲ್ಲ. ಮನೆ ಅಂತ ಕೇಳಿಸ್ತು."

"ಆ ಹಳೇ ಪಾಠ ಕಚೇರಿಯಲ್ಲಿ ಯಾರ್ಯಾರಿಗೆ ಹೇಳಿಕೊಟ್ಟಿದ್ರಿ?"

"ಕಚೇರಿಯಲ್ಲಿ ಯಾರಿಗೂ ಇಲ್ಲ. ಆಗ ಆ ಮೇಜಿಗೆ ನಾನೊಬ್ಬಳೇ. ಕೋಣೆಯ ಕದ ಮುಚ್ಚಿಕೊಂಡು ಕರೆ ಮಾಡ್ತಿದ್ದೆ. ಮುಗೀದೆ ಇದ್ದದ್ದನ್ನ ಮನೆಗೆ ತರ್ತಿದ್ದೆ. ನಾನು ಓದ್ತಿದ್ದೆ, ಎದುರಿಗೆ ಕೂತು ಹಾಳೆ ನೋಡಿ ತಾಳೆ ಹಾಕ್ತಿದ್ದಳು. ಮೂರನೇ ಕ್ಲಾಸು. ಆಟ ಅಂದ್ಕೊಂಡಿದ್ದಳು. ನನ್ನ ಹಾಗೇ ಉಸಿರು ತಗೊಂಡು ಓದಿ ನಗ್ತಿದ್ದಳು."

ಸೂಜಿಯಮ್ಮನಿಗೆ ಇರುವುದು ಒಬ್ಬಳೇ ಮಗಳು.

ಗಿಣಿ ಏನೋ ಹೇಳಲು ಹೊರಟ. ಯಾರ ದನಿಯೂ ಸಿಗಲಿಲ್ಲ, ತನ್ನದೂ.

ಸೂಜಿಯಮ್ಮ ಕೂತರು. ಕನ್ನಡಕ ಒರೆಸಿಕೊಂಡರು. ಗೋಡೆಗೆ ಆನಿಸಿ ಬರೆಯುತ್ತಿದ್ದ ಹಾಳೆಯನ್ನು ಬದಿಗಿಟ್ಟು ಇನ್ನೊಂದು ಖಾಲಿ ಹಾಳೆ ತೆಗೆದರು. ದಿನಾಂಕ. ಸಮಯ: ಮೂರು ಗಂಟೆ. ಓದಿದ ಸಂಖ್ಯೆ: ಎಂಟೂ ಅಂಕಿ. ನಾಲ್ಕನೆಯದರ ಪಕ್ಕ, ಯಾರೂ ಕೇಳದಿದ್ದರೂ, ಒಂದು ಸಣ್ಣ ಗೀಟು. ಹಾಜರಿದ್ದವರು: ಮೂವರು, ಅವರವರ ಸಂಬಂಧ ಸಮೇತ. 'ಅಳಿಯ' ಎಂಬುದನ್ನೂ ಬಿಡಲಿಲ್ಲ. ಅಕ್ಷರ ಎಂದಿನಂತೆ ಮಣಿ ಪೋಣಿಸಿದ ಹಾಗಿತ್ತು. ಮೂವತ್ತೊಂದು ವರ್ಷ ಬೇರೆಯವರ ಮಕ್ಕಳ ಬಗ್ಗೆ ಬರೆದ ಕೈ ತನ್ನ ಮಗಳ ವಿಷಯಕ್ಕೆ ಬಂದಾಗ ಗೆರೆ ದಾಟದಿರುವುದನ್ನು ಗಿಣಿ ನಿಂತು ನೋಡಿದ. ಹೊಗಳಬೇಕೆನಿಸಿತು. ಹೊಗಳುವ ಹೊತ್ತಲ್ಲ ಎಂದು ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಅವರ ಪಕ್ಕ ಇಟ್ಟ.

ಉಳಿದದ್ದು ಒಂದೇ ಕಾಲಂ. 'ಗುರುತಿಸಿದ ದನಿ.'

ಪೆನ್ನು ಅಲ್ಲಿಗೆ ಬಂದು ನಿಂತಿತು.

ಮೇಜಿನ ಮೇಲೆ ಗಿಣಿಯ ಮೊಬೈಲು ಗುಂಯ್ಗುಟ್ಟಿತು. ಪರದೆಯ ಮೇಲೆ ಹೆಂಡತಿಯ ನಗುಮುಖ.

"ಎತ್ತಿ," ಎಂದರು ಸೂಜಿಯಮ್ಮ, ತಲೆಯೆತ್ತದೆ. "ಸ್ಪೀಕರ್ ಹಾಕಿ. ನಾನಿಲ್ಲಿದ್ದೀನಿ ಅಂತ ಮೊದಲೇ ಹೇಳಿ. ಕದ್ದು ಕೇಳಿದ್ದು ಹಾಳೆಗೆ ಬರಲ್ಲ."

ಗಿಣಿ ಎತ್ತಿದ. "ನೋಡು, ಅಮ್ಮ ಇಲ್ಲೇ ಇದ್ದಾರೆ. ಸ್ಪೀಕರಿನಲ್ಲಿದ್ದೀಯ."

"ಒಳ್ಳೇದಾಯ್ತು, ಇಬ್ರೂ ಕೇಳಿ," ಎಂದಳು ಅವಳು, ಓಡಿಬಂದವಳ ಏದುಸಿರಿನಲ್ಲಿ. "ರೀ, ಎಂಟು ಫೋನಿರೋ ಕೋಣೆಗೇನಾದ್ರೂ ಹೋಗಿದ್ರೆ, ಕೊನೇದನ್ನ ಎತ್ತಬೇಡಿ. ನಿಮ್ಮ ದನಿ ಬರತ್ತೆ. ನಾಲ್ಕಕ್ಕೆ ಉಸಿರು ಕೇಳಿ ಅಮ್ಮನಿಗೆ ಅದು ನಾನು ಅನ್ನಿಸತ್ತೆ. ಅನ್ನಿಸಲಿ ಅಂತಲೇ ಇಲ್ಲಿ ಯಾರೋ ಮಾಡಿದ್ದಾರೆ."

"ಎತ್ತಿ ಆಯ್ತು," ಎಂದ ಗಿಣಿ.

ಆ ಕಡೆ ಹಿಂದೆ ಎಲ್ಲೋ ಲಿಫ್ಟಿನ ಬಾಗಿಲು ಮುಚ್ಚಿತು. ಅವಳದೇ ದನಿ ಅವಳ ಬೆನ್ನ ಹಿಂದೆ "ಆರನೇ ಮಹಡಿ" ಎಂದಿತು. ಇಡೀ ಊರಿನಲ್ಲಿ ಅವಳ ದನಿಯ ಲಿಫ್ಟುಗಳು ಹಲವಿದ್ದವು. ಆರನೇ ಮಹಡಿಯವರೆಗೆ ಹೋಗುವುದು ಮಾತ್ರ ನೋಂದಣಿ ಕಚೇರಿಯದು ಒಂದೇ; ಅವಳಿದ್ದದ್ದು ಅಲ್ಲೇ.

"ಅಮ್ಮ," ಎಂದಳು ಅವಳು, ತೀರ ತಗ್ಗಿದ ದನಿಯಲ್ಲಿ. "ಆ ಹೆಸರಿಲ್ಲದ ಪತ್ರ ಬರೆದೋಳು ನಾನು."

ಕರೆ ಕಡಿಯಿತು. ಗಿಣಿ ಮತ್ತೆ ಮಾಡಿದ. ಮತ್ತೆ ಮಾಡಿದ. ಗಂಟೆಯೇ ಹೋಗಲಿಲ್ಲ.

ಸೂಜಿಯಮ್ಮ ಗಡಿಯಾರ ನೋಡಿದರು. ಮೂರು ಹನ್ನೊಂದು. ಖಾಲಿ ಉಳಿದ ಕಾಲಮ್ಮಿನ ಮೇಲಿಂದ ಪೆನ್ನನ್ನು ಎತ್ತಿ, ಹಾಳೆಯನ್ನು ಮಗುಚಿಟ್ಟು, ಕೈ ಚಾಚಿದರು.

"ಈ ಕರೆಗೂ ಚೀಲದಿಂದ ಇನ್ನೊಂದು ಹಾಳೆ ಕೊಡಿ, ಅಳಿಯಂದ್ರೇ."